ಪೂಲ್ ಫ್ರೀಡೈವಿಂಗಲ್ಲಿ ಪಿಬಿ ಯಾಕೆ ನಿಂತುಹೋಗತ್ತೆ, ಮುಂದಕ್ಕೆ ಹೋಗೋದು ಹೇಗೆ

ಎಲ್ಲರಿಗೂ ನಮಸ್ಕಾರ. ಪೂಲಲ್ಲಿ ಫ್ರೀಡೈವಿಂಗ್, ಅಂದ್ರೆ ಒಂದೇ ಉಸಿರು ಹಿಡಿದು ನೀರೊಳಗೆ ಇರೋದನ್ನ, ಪ್ರಾಕ್ಟೀಸ್ ಮಾಡೋವ್ರ ಮುಂದೆ ಆಡಿದ ಮಾತುಗಳಿವು. ಬಾಯಲ್ಲಿ ಹೇಗೆ ಬಂತೋ ಹೆಚ್ಚುಕಮ್ಮಿ ಹಾಗೇ ಬರೆದಿದೀನಿ, ಮಧ್ಯೆ ಮಧ್ಯೆ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.

ನಮ್ಮಲ್ಲಿ ತುಂಬ ಜನ ಒಂದೇ ಪಿಬಿಯಲ್ಲಿ, ಅಂದ್ರೆ ಪರ್ಸನಲ್ ಬೆಸ್ಟ್ ನಂಬರ್‌ನಲ್ಲಿ, ಸಿಕ್ಕಿಹಾಕ್ಕೊಂಡಿರ್ತೀವಿ. ಡೈನಾಮಿಕ್‌ನಲ್ಲಿ (ಒಂದೇ ಉಸಿರಲ್ಲಿ ನೀರೊಳಗೆ ದೂರ ಹೋಗೋದು) 50 ಮೀಟರ್ ಇಲ್ಲಾ 75, ಸ್ಟ್ಯಾಟಿಕ್‌ನಲ್ಲಿ (ಅಲುಗಾಡ್ದೆ ಉಸಿರು ಹಿಡಿದಿರೋದು) ಮೂರು ನಿಮಿಷ, ಅಲ್ಲಿಂದ ಮುಂದಕ್ಕೆ ಹೋಗ್ತಾನೇ ಇಲ್ಲ. ಆಗ ಏನ್ ಮಾಡ್ತೀವಿ ಅಂದ್ರೆ ಪ್ರತಿ ಸಲ ಪೂಲಿಗೆ ಬಂದಾಗ್ಲೂ ಆ ನಂಬರನ್ನ ಮುರಿಯೋಕೆ ಟ್ರೈ ಮಾಡ್ತೀವಿ, ಬರೋದು, ಎರಡು ವಾರ್ಮಪ್ ಮಾಡೋದು, ಮ್ಯಾಕ್ಸ್‌ಗೆ ಹೋಗೋದು, ಆಗ್ಲಿಲ್ಲ ಅಂತ ಬೇಜಾರ್ ಮಾಡ್ಕೊಂಡು ಮನೆಗೆ ಹೋಗೋದು, ಮುಂದಿನ ಸಲ ಮತ್ತೆ ಅದೇ. ನನ್ನ ಪ್ರಕಾರ ನಂಬರ್ ನಿಂತುಹೋಗೋಕೆ ಮುಖ್ಯ ಕಾರಣಾನೇ ಇದು. ಮ್ಯಾಕ್ಸ್ ಮಾಡಿದಾಗ ನಿಮ್ಮ ದೇಹ ಏನನ್ನೂ ಕಲಿಯೋ ಸ್ಥಿತಿಯಲ್ಲಿ ಇರಲ್ಲ. ಕತ್ತು ಬಿಗಿ, ದವಡೆ ಬಿಗಿ, ಕೊನೆಯ ಹತ್ತು ಮೀಟರ್ ಗಡಿಬಿಡಿ ಕಿಕ್, ತಲೆಯಲ್ಲಿ ಭಯ. ಅದನ್ನೇ ಪದೇ ಪದೇ ಮಾಡಿದ್ರೆ ಅಭ್ಯಾಸ ಆಗೋದೂ ಅದೇ. ಇವತ್ತು ನಾನು ಹೇಳೋಕೆ ಬಂದಿರೋದು ಇಷ್ಟೇ, ಪಿಬಿ ಹೆಚ್ಚಾಗೋ ಕೆಲಸ ನಡೆಯೋದು ನಿಮ್ಮ ಮ್ಯಾಕ್ಸ್‌ನ ಅರ್ಧದಲ್ಲಿ, ಮುಕ್ಕಾಲಿನಲ್ಲಿ, ಆರಾಮಾಗಿ ಎದ್ದು ನಗೋಕಾಗೋ ಡೈವ್‌ಗಳಲ್ಲಿ.

ಯಾಕೆ ಅಂತ ಹೇಳ್ಬೇಕಾದ್ರೆ ಒಳಗಡೆ ಏನ್ ನಡೆಯತ್ತೆ ಅಂತ ಸ್ವಲ್ಪ ನೋಡ್ಬೇಕು. ಉಸಿರು ಹಿಡಿದಾಗ ಎರಡು ಲೆಕ್ಕ ಒಟ್ಟಿಗೆ ಓಡ್ತಿರತ್ತೆ. ಆಕ್ಸಿಜನ್ ಕಮ್ಮಿ ಆಗ್ತಾ ಬರತ್ತೆ, ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆಗ್ತಾ ಹೋಗತ್ತೆ. "ಉಸಿರು ತಗೋ, ಈಗ್ಲೇ ತಗೋ" ಅಂತ ಒದ್ದಾಡಿಸೋದು ಬಹುಪಾಲು ಈ ಎರಡನೇದು. ಹೊಟ್ಟೆ ತಾನಾಗೇ ಎಳಕೊಂಡು ಎಳಕೊಂಡು ಬಿಡತ್ತಲ್ಲ, ಕಾಂಟ್ರಾಕ್ಷನ್ ಅಂತೀವಲ್ಲ, ಅದು ವಪೆ (ಎದೆಗೂ ಹೊಟ್ಟೆಗೂ ಮಧ್ಯ ಇರೋ ಉಸಿರಾಟದ ಸ್ನಾಯು) ಉಸಿರಾಟ ಶುರು ಮಾಡೋಕೆ ಹೊರಟಿರೋದು, ಅದು ಬಂದಾಗ ಆಕ್ಸಿಜನ್ ಮುಗಿದಿದೆ ಅಂತ ಅರ್ಥ ಅಲ್ಲ. ಆದ್ರೆ ಕೊನೆಯ ಗಡಿ ಯಾವ್ದು ಅಂದ್ರೆ ಅದು ಆಕ್ಸಿಜನ್ನೇ. ಇದಕ್ಕೆ ಒಂದು ಚೆನ್ನಾಗಿರೋ ಉದಾಹರಣೆ ಇದೆ. ಫ್ರಾನ್ಸಿನ ಸ್ಟೆಫಾನ್ ಮಿಫ್ಸೂದ್ 2009ರಲ್ಲಿ ಮಾಮೂಲಿ ಗಾಳಿ ಎಳ್ಕೊಂಡು ಸ್ಟ್ಯಾಟಿಕ್‌ನಲ್ಲಿ 11 ನಿಮಿಷ 35 ಸೆಕೆಂಡ್ ಮಾಡಿದ್ರು. ಕ್ರೊಯೇಷಿಯಾದ ಬುದಿಮಿರ್ ಶೋಬತ್ 2021ರಲ್ಲಿ, ಮೊದಲೇ ಶುದ್ಧ ಆಕ್ಸಿಜನ್ ಉಸಿರಾಡಿ, 24 ನಿಮಿಷ 37 ಸೆಕೆಂಡ್ ಇದ್ರು. ಒಳಗೆ ತಗೊಂಡು ಹೋಗೋ ಆಕ್ಸಿಜನ್ ಜಾಸ್ತಿ ಆದ ಕೂಡ್ಲೇ ಹೊತ್ತು ಎರಡು ಪಟ್ಟಿಗಿಂತ ಹೆಚ್ಚಾಯ್ತು. ನಮಗೆ ಆ ದಾರಿ ಇಲ್ಲ, ಬೇಕಾಗೂ ಇಲ್ಲ. ನಮ್ಮ ಕೈಲಿರೋ ಆಕ್ಸಿಜನ್ ತಿಂಗಳ ಸಂಬಳ ಇದ್ದ ಹಾಗೆ, ಫಿಕ್ಸ್. ಹಾಗಾಗಿ ಉಳಿದಿರೋ ದಾರಿ ಖರ್ಚು ಕಮ್ಮಿ ಮಾಡೋದು, ಮತ್ತೆ ಕಾರ್ಬನ್ ಡೈಆಕ್ಸೈಡ್ ಕೊಡೋ ಕಾಟದ ಜೊತೆ ಗಾಬರಿ ಇಲ್ದೆ ಇರೋದನ್ನ ಕಲಿಯೋದು. ಗಾಬರಿ ಆದ್ರೆ ಎದೆ ಬಡಿತ ಏರತ್ತೆ, ಬಡಿತ ಏರಿದ್ರೆ ಖರ್ಚು ಏರತ್ತೆ, ಅಲ್ಲಿಗೆ ಎಲ್ಲಾ ಒಂದಕ್ಕೊಂದು ಗಂಟು ಹಾಕ್ಕೊಂಡಿದೆ.

ಇಲ್ಲಿ ಒಬ್ರು ಕೈ ಎತ್ತಿ ಕೇಳಿದ್ರು, ಹಾಗಾದ್ರೆ ಮೊದಲೇ ಜೋರಾಗಿ ಹತ್ತಿಪ್ಪತ್ತು ಉಸಿರು ತಗೊಂಡು ಕಾರ್ಬನ್ ಡೈಆಕ್ಸೈಡ್ ಹೊರಗೆ ಹಾಕಿಬಿಟ್ರೆ ಕಾಟನೇ ಇರಲ್ವಲ್ಲ ಅಂತ. ಈ ಪ್ರಶ್ನೆ ಬಂದಿದ್ದು ಒಳ್ಳೇದಾಯ್ತು, ಯಾಕಂದ್ರೆ ಪೂಲಲ್ಲಿ ಉಸಿರು ಹಿಡಿಯೋವ್ರ ಜೀವ ಹೋಗೋಕೆ ಇದೊಂದು ದೊಡ್ಡ ಕಾರಣ. ಆರೋಗ್ಯವಾಗಿರೋ ಮನುಷ್ಯನ ರಕ್ತದಲ್ಲಿ ಆಕ್ಸಿಜನ್ ಆಗ್ಲೇ ಬಹುತೇಕ ತುಂಬಿರತ್ತೆ, ಎಷ್ಟು ಜೋರಾಗಿ ಉಸಿರಾಡಿದ್ರೂ ಅದು ಹೇಳ್ಕೊಳ್ಳೋ ಅಷ್ಟು ಹೆಚ್ಚಾಗಲ್ಲ. ಕಮ್ಮಿ ಆಗೋದು ಕಾರ್ಬನ್ ಡೈಆಕ್ಸೈಡ್ ಮಾತ್ರ. ಅಂದ್ರೆ ನೀವು ಅಲಾರಂ ಕಿತ್ತು ಹಾಕಿದಿರಿ, ಅಷ್ಟೇ. ಉಸಿರು ಬೇಕು ಅನ್ಸೋಕೆ ಮುಂಚೇನೇ ಆಕ್ಸಿಜನ್ ಮುಗಿದು ಪ್ರಜ್ಞೆ ಹೋಗತ್ತೆ, ಅದಕ್ಕೆ ನೋವಿಲ್ಲ, ಮುನ್ಸೂಚನೆ ಇಲ್ಲ, ಎಷ್ಟೋ ಜನ ಎದ್ದಮೇಲೂ "ನಂಗೇನೂ ಆಗಿಲ್ಲ" ಅಂತ ವಾದ ಮಾಡ್ತಾರೆ. ಇದಲ್ದೆ ಕಾರ್ಬನ್ ಡೈಆಕ್ಸೈಡ್ ತೀರಾ ಇಳಿದಾಗ ಮೆದುಳಿನ ರಕ್ತನಾಳಗಳು ಸಣ್ಣಗಾಗತ್ವೆ, ರಕ್ತದಲ್ಲಿರೋ ಆಕ್ಸಿಜನ್ ಅಂಗಾಂಶಗಳಿಗೆ ಬಿಟ್ಟುಕೊಡೋದೂ ಕಷ್ಟ ಆಗತ್ತೆ. ಸೋ ಜೋರು ಉಸಿರಾಟ ಎಲ್ಲಾ ಕಡೆಯಿಂದ್ಲೂ ನಷ್ಟ. ಡೈವ್‌ಗೆ ಮುಂಚೆ ಎರಡು ಮೂರು ನಿಮಿಷ, ಕೂತು ಟಿವಿ ನೋಡುವಾಗ ಹೇಗೆ ಉಸಿರಾಡ್ತೀರೋ ಹಾಗೆ ಉಸಿರಾಡಿ, ಬಿಡೋ ಉಸಿರು ಸ್ವಲ್ಪ ಉದ್ದ ಇರ್ಲಿ, ಕೊನೆಗೆ ಒಂದು ಪೂರ್ತಿ ಉಸಿರು, ಹೊರಡಿ. ತುಟಿ ಸುತ್ತ, ಬೆರಳ ತುದಿಯಲ್ಲಿ ಜುಂ ಜುಂ ಅಂದ್ರೆ ಜಾಸ್ತಿ ಉಸಿರಾಡಿದೀರಿ ಅಂತ ಅರ್ಥ, ಆ ಡೈವ್ ಬಿಟ್ಟುಬಿಡಿ.

ಈಗ ಖರ್ಚಿನ ವಿಷ್ಯ. ಡೈನಾಮಿಕ್‌ನಲ್ಲಿ ನಮ್ಮಂಥವರಿಗೆ ಬೇಗ ಸಿಗೋ ಲಾಭ ಇರೋದು ಟೆಕ್ನಿಕ್‌ನಲ್ಲಿ, ಶ್ವಾಸಕೋಶದಲ್ಲಿ ಅಲ್ಲ. ನೀರಿನ ಎಳೆತ ವೇಗದ ವರ್ಗಕ್ಕೆ ತಕ್ಕ ಹಾಗೆ ಏರತ್ತೆ, ವೇಗ ಎರಡು ಪಟ್ಟಾದ್ರೆ ಎಳೆತ ನಾಲ್ಕು ಪಟ್ಟು. ಬೇಗ ಮುಗಿಸೋಣ ಅಂತ ಜೋರಾಗಿ ಕಿಕ್ ಹೊಡೆದವರಿಗೆ ತೊಡೆ ಉರಿಯೋದು ಇದಕ್ಕೇ. ಹಾಗಂತ ತೀರಾ ನಿಧಾನ ಹೋದ್ರೂ ಆಗಲ್ಲ, ಸುಮ್ನೆ ಬದುಕಿರೋಕೆ ದೇಹ ಖರ್ಚು ಮಾಡೋ ಆಕ್ಸಿಜನ್ ಇದೆಯಲ್ಲ, ಅದು ಸೆಕೆಂಡ್ ಲೆಕ್ಕದಲ್ಲಿ ಹೋಗ್ತಾನೇ ಇರತ್ತೆ, ಮೆದುಳು ಒಂದೇ ಸುಮಾರು ಶೇಕಡ 20ರಷ್ಟು ತಿನ್ನತ್ತೆ. ಹೆಚ್ಚಿನವರಿಗೆ ಸೆಕೆಂಡಿಗೆ ಒಂದು ಮೀಟರ್ ಆಸುಪಾಸು ಸರಿಹೋಗತ್ತೆ, ಆದ್ರೆ ನಿಮ್ಮದು ಎಷ್ಟು ಅಂತ ನೀವೇ ಹುಡುಕ್ಬೇಕು. 50 ಮೀಟರನ್ನ ಬೇರೆ ಬೇರೆ ವೇಗದಲ್ಲಿ ಮಾಡಿ, ಪ್ರತಿ ಸಲ ಸಮಯ ಮತ್ತೆ ಕಿಕ್ ಎಷ್ಟು ಅಂತ ಬರೀರಿ, ಯಾವುದರಲ್ಲಿ ಎದ್ದಾಗ ಅತೀ ಆರಾಮಾಗಿದ್ರಿ ಅಂತ ನೋಡಿ.

ಕತ್ತಿನ ಬಗ್ಗೆ ನಾನು ಸ್ವಲ್ಪ ಹೊತ್ತು ಮಾತಾಡ್ತೀನಿ, ಯಾಕಂದ್ರೆ ಯಾರದ್ದೇ ವಿಡಿಯೋ ನೋಡಿದ್ರೂ ನನ್ನ ಕಣ್ಣು ಮೊದಲು ಹೋಗೋದು ಅಲ್ಲಿಗೆ. ಗೋಡೆ ಒದ್ದು ಹೊರಟ ಮೊದಲ 15 ಮೀಟರ್ ತಲೆ ಕೆಳಗೆ, ನೋಟ ನೇರ ನೆಲದ ಮೇಲಿನ ಗೆರೆಗೆ, ಕೈ ಚಾಚಿ ಕಿವಿ ಹತ್ರ, ಎಲ್ಲಾ ಚೆನ್ನಾಗಿರತ್ತೆ. ಆಮೇಲೆ ಒಂದು ಕಾಂಟ್ರಾಕ್ಷನ್ ಬರತ್ತೆ. ಆಗ ಗದ್ದ ಒಂದಿಷ್ಟು ಮೇಲಕ್ಕೆ, ಗೋಡೆ ಎಲ್ಲಿದೆ ಅಂತ ನೋಡೋ ಆಸೆ. ಗದ್ದ ಎತ್ತಿದ ಕೂಡ್ಲೇ ಬೆನ್ನು ಬಾಗತ್ತೆ, ಸೊಂಟ ಇಳಿಯತ್ತೆ, ಕಾಲು ಇನ್ನೂ ಕೆಳಗೆ ಹೋಗತ್ತೆ, ಈಗ ಇಡೀ ದೇಹ ನೀರನ್ನ ಓರೆಯಾಗಿ ತಳ್ಕೊಂಡು ಹೋಗ್ತಿದೆ. ಅಲ್ಲಿಂದ ಪ್ರತಿ ಕಿಕ್‌ಗೂ ಮೊದಲಿನಷ್ಟು ದೂರ ಸಿಗಲ್ಲ, ದೂರ ಸಿಗ್ತಿಲ್ಲ ಅಂತ ಕಿಕ್ ಜೋರಾಗತ್ತೆ, ಅಲ್ಲಿಗೆ ಮುಗೀತು. ಇದನ್ನ ಮ್ಯಾಕ್ಸ್ ಡೈವ್‌ನಲ್ಲಿ ಸರಿ ಮಾಡೋಕೆ ಸಾಧ್ಯಾನೇ ಇಲ್ಲ. 40 ಮೀಟರ್‌ನಲ್ಲಿ, ಮನಸ್ಸು ಖಾಲಿ ಇದ್ದಾಗ, ಗೋಡೆ ನೋಡ್ದೆ ನೆಲದ ಮೇಲಿನ ಗುರುತಿಂದ ಗೋಡೆ ಬಂತು ಅಂತ ತಿಳ್ಕೊಳ್ಳೋದನ್ನ ನೂರಾರು ಸಲ ಮಾಡ್ಬೇಕು, ಆಗ ಅದು ಕಷ್ಟದಲ್ಲೂ ಉಳಿಯತ್ತೆ.

ತೂಕದ ವಿಷ್ಯಾನೂ ಇದಕ್ಕೇ ಸೇರಿದ್ದು. ಎದೆ ತುಂಬ ಗಾಳಿ ಇದ್ರೆ ಎದೆ ಮೇಲಕ್ಕೆ ತೇಲತ್ತೆ, ಕಾಲು ಮುಳುಗತ್ತೆ. ಅದಕ್ಕೇ ನೆಕ್‌ವೇಟ್, ಕತ್ತಿಗೆ ಹಾಕ್ಕೊಳ್ಳೋ ತೂಕ. ಸೈಕಲ್ ಟ್ಯೂಬಲ್ಲಿ ಸೀಸದ ಗುಂಡು ತುಂಬಿ ಟೇಪ್ ಸುತ್ತಿ ಮಾಡ್ಕೊಂಡಿದ್ರೂ ಆಗತ್ತೆ, ಎಷ್ಟೋ ಜನ ಹಾಗೇ ಮಾಡ್ಕೊಳ್ತಾರೆ, ಆದ್ರೆ ಒಂದೇ ಕೈಯಲ್ಲಿ ಬಿಚ್ಚೋಕೆ ಬರೋ ಬಕಲ್ ಇರ್ಲೇಬೇಕು. ಪೂರ್ತಿ ಉಸಿರಲ್ಲಿ ಗೋಡೆ ಒದ್ದು ಗ್ಲೈಡ್ ಮಾಡಿ, ಅಂದ್ರೆ ಕೈಕಾಲು ಆಡಿಸ್ದೆ ಸುಮ್ನೆ ಜಾರಿ, ವೇಗ ಸತ್ತಾಗ ಮೇಲೂ ಏಳ್ಬಾರ್ದು ಕೆಳಗೂ ಕೂರ್ಬಾರ್ದು. ಸ್ವಲ್ಪ ಮೇಲೆ ಏಳ್ತಿದ್ದೀರಿ ಅಂದ್ರೆ ಪ್ರತಿ ಮೀಟರಲ್ಲೂ ಕೆಳಗಿರೋಕೆ ಖರ್ಚು ಮಾಡ್ತಿದ್ದೀರಿ. ಒಂದು ಇಡೀ ಸೆಷನ್ ತೂಕ ಹೊಂದಿಸೋಕೇ ಇಡಿ ಅಂತ ನಾನು ಹೇಳ್ತೀನಿ, ಯಾರೂ ಕೇಳಲ್ಲ, ಕೇಳಿದವರಿಗೆ ಮಾತ್ರ ಫಲ ಕಾಣತ್ತೆ.

ಫಿನ್ (ಕಾಲಿಗೆ ಹಾಕೋ ಈಜುರೆಕ್ಕೆ) ಇಲ್ದೆ ಮಾಡೋವ್ರಿಗೆ ಒಂದೇ ಮಾತು, ಗ್ಲೈಡ್‌ಗೆ ಕಾಯಿರಿ. ಒಂದು ಕೈ ಸ್ಟ್ರೋಕ್, ಗ್ಲೈಡ್, ಒಂದು ಕಾಲಿನ ಕಿಕ್, ಗ್ಲೈಡ್. 2016ರಲ್ಲಿ ಫಿನ್‌ಲ್ಯಾಂಡಿನ ತುರ್ಕುದಲ್ಲಿ ಪೋಲೆಂಡಿನ ಮಾತೆಯುಷ್ ಮಲಿನಾ ಮೊನೊಫಿನ್ (ಎರಡೂ ಕಾಲಿಗೆ ಸೇರಿ ಒಂದೇ ದೊಡ್ಡ ಫಿನ್) ಹಾಕ್ಕೊಂಡು 300 ಮೀಟರ್, ಏನೂ ಹಾಕ್ಕೊಳ್ದೆ 244 ಮೀಟರ್ ಹೋದ್ರು. ಅಷ್ಟು ದೊಡ್ಡ ಫಿನ್ ಬಿಟ್ಟು ಬರೀ ಕೈಕಾಲಲ್ಲಿ ಅಷ್ಟು ದೂರ ಹೋಗೋಕಾಗತ್ತೆ ಅಂದ್ರೆ ನೀರಲ್ಲಿ ಜಾರೋದನ್ನ ಎಷ್ಟು ಕಲಿತಿರ್ಬೇಕು ಯೋಚ್ನೆ ಮಾಡಿ.

ಸ್ಟ್ಯಾಟಿಕ್ ಬೇರೆ ಆಟ, ಅಲ್ಲಿ ಮಾಡೋಕೆ ಏನೂ ಇಲ್ಲ, ಅದೇ ಕಷ್ಟ. ಮುಖ ನೀರಿಗೆ ಮುಳುಗಿ ಉಸಿರು ನಿಂತಾಗ ದೇಹ ತಾನಾಗೇ ಎದೆ ಬಡಿತ ಇಳಿಸತ್ತೆ, ಕೈಕಾಲಿನ ರಕ್ತನಾಳ ಬಿಗಿ ಮಾಡಿ ರಕ್ತಾನ ಹೃದಯ ಮೆದುಳಿನ ಕಡೆ ಇಟ್ಕೊಳ್ಳತ್ತೆ, ಗುಲ್ಮ (ಸ್ಪ್ಲೀನ್) ಹಿಂಡಿಕೊಂಡು ಕೂಡಿಟ್ಟ ಕೆಂಪು ರಕ್ತಕಣಗಳನ್ನ ಹೊರಗೆ ಬಿಡತ್ತೆ. ಅದಕ್ಕೇ ಮೊದಲನೇ ಹೋಲ್ಡ್‌ಗಿಂತ ಮೂರನೇದು ನಾಲ್ಕನೇದು ಸುಲಭ ಅನ್ಸೋದು. ಇದೆಲ್ಲಾ ದೇಹ ಮಾಡ್ಕೊಳ್ಳತ್ತೆ, ನಿಮ್ಮ ಕೆಲಸ ಅಡ್ಡ ಬರದೇ ಇರೋದು. ದವಡೆ ಬಿಡಿ, ನಾಲಿಗೆ ಬಿಡಿ, ಹುಬ್ಬಿನ ಮಧ್ಯ ಬಿಡಿ, ಕೈ ತೂಗಾಡ್ಲಿ. ಗಡಿಯಾರ ನೋಡ್ಬೇಡಿ. ನಾನು ಎಲ್ಲರಿಗೂ ಬರೆದಿಡೋಕೆ ಹೇಳೋದು ಒಟ್ಟು ಸಮಯಕ್ಕಿಂತ ಮೊದಲ ಕಾಂಟ್ರಾಕ್ಷನ್ ಯಾವಾಗ ಬಂತು ಅನ್ನೋದನ್ನ. ಪಿಬಿ ಮೂರು ನಿಮಿಷದಲ್ಲೇ ನಿಂತಿದ್ರೂ ಮೊದಲ ಕಾಂಟ್ರಾಕ್ಷನ್ ತಿಂಗಳಿಂದ ತಿಂಗಳಿಗೆ ಮುಂದಕ್ಕೆ ಹೋಗ್ತಿದ್ರೆ ನೀವು ಸರಿ ದಾರಿಯಲ್ಲಿದೀರಿ, ನಂಬರ್ ಹಿಂದೆ ಬಂದೇ ಬರತ್ತೆ.

ಟೇಬಲ್‌ಗಳ, ಅಂದ್ರೆ ಹೋಲ್ಡ್ ಮತ್ತೆ ರೆಸ್ಟ್ ಸಮಯದ ಪಟ್ಟಿಗಳ, ಬಗ್ಗೆ ಎಲ್ಲರೂ ಕೇಳ್ತಾರೆ. ನಿಮ್ಮ ಸ್ಟ್ಯಾಟಿಕ್ ಪಿಬಿ 4 ನಿಮಿಷ ಅಂತ ಇಟ್ಕೊಳ್ಳಿ. ಕಾರ್ಬನ್ ಡೈಆಕ್ಸೈಡ್ ಟೇಬಲ್ ಅಂದ್ರೆ ಹೋಲ್ಡ್ ಎಲ್ಲಾ 2 ನಿಮಿಷ, ಮಧ್ಯದ ರೆಸ್ಟ್ ಮಾತ್ರ 2 ನಿಮಿಷದಿಂದ ಶುರುವಾಗಿ ಪ್ರತಿ ಸಲ 15 ಸೆಕೆಂಡ್ ಇಳೀತಾ ಹೋಗತ್ತೆ, ಎಂಟು ಹೋಲ್ಡ್ ಆಗೋಷ್ಟರಲ್ಲಿ ರೆಸ್ಟ್ ಬರೀ 30 ಸೆಕೆಂಡ್. ಆಕ್ಸಿಜನ್ ಟೇಬಲ್‌ನಲ್ಲಿ ಉಲ್ಟಾ, ರೆಸ್ಟ್ 2 ನಿಮಿಷಕ್ಕೇ ನಿಂತಿರತ್ತೆ, ಹೋಲ್ಡ್ 1 ನಿಮಿಷ 30 ಸೆಕೆಂಡಿಂದ ಶುರುವಾಗಿ 15 ಸೆಕೆಂಡ್ ಏರ್ತಾ ಏರ್ತಾ 3 ನಿಮಿಷ 15 ಸೆಕೆಂಡಿನ ತನಕ, ಅಂದ್ರೆ ಪಿಬಿಯ ಸುಮಾರು ಶೇಕಡ 80. ಅದಕ್ಕಿಂತ ಮೇಲೆ ಬೇಡ. ಎರಡೂ ಒಂದೇ ದಿನ ಬೇಡ. ಇವನ್ನ ಒಣ ನೆಲದಲ್ಲಿ ಮಲಗಿ ಮಾಡಿದ್ರೂ ಕೆಲಸ ಆಗತ್ತೆ, ಮನೇಲಿ ಒಬ್ಬರೇ ಇದ್ರೆ ಅಲ್ಲೇ ಮಾಡಿ, ಹಾಸಿಗೆ ಮೇಲೆ. ಬಾತ್‌ಟಬ್‌ನಲ್ಲಿ ಖಂಡಿತ ಅಲ್ಲ.

ಡೈನಾಮಿಕ್‌ಗೆ ನನಗೆ ಅತೀ ನಂಬಿಕೆ ಇರೋ ಸೆಟ್ 25 ಮೀಟರ್ 16 ಸಲ. ನಿಮಿಷಕ್ಕೊಂದು ಹೊರಡಿ, ಅದು ಸಲೀಸಾದ್ಮೇಲೆ 55 ಸೆಕೆಂಡಿಗೊಂದು, ಆಮೇಲೆ 50. ದೂರ ಚಿಕ್ಕದು, ಹಾಗಾಗಿ ಆಕ್ಸಿಜನ್ ಅಷ್ಟು ಕೆಳಗೆ ಹೋಗಲ್ಲ, ಆದ್ರೆ ಹತ್ತನೇದಕ್ಕೆ ಬರೋಷ್ಟರಲ್ಲಿ ಕಾರ್ಬನ್ ಡೈಆಕ್ಸೈಡ್ ಮೇಲೇರಿ ಕೂತಿರತ್ತೆ, ಮ್ಯಾಕ್ಸ್‌ನ ಕೊನೆಯ ಭಾಗದಲ್ಲಿ ಬರೋ ಅದೇ ಒದ್ದಾಟ, ಅದೇ ಗದ್ದ ಎತ್ತೋ ಆಸೆ, ಎಲ್ಲಾ 25 ಮೀಟರ್ ಒಳಗೇ ಬರತ್ತೆ. ಅಲ್ಲಿ ತಲೆ ಕೆಳಗಿಟ್ಟು ಅದೇ ಲಯದಲ್ಲಿ ಕಿಕ್ ಹೊಡೆಯೋದನ್ನ ಕಲೀಬೇಕು. ಶೇಪ್ ಕೆಟ್ಟುಹೋಯ್ತು ಅಂದ್ರೆ ಸೆಟ್ ಅಲ್ಲಿಗೇ ನಿಲ್ಲಿಸಿ, ಹನ್ನೊಂದೇ ಆಗಿದ್ರೂ ಪರವಾಗಿಲ್ಲ. ಚಿಕ್ಕ ದೂರ ಅಂತ ನೋಡೋರಿಲ್ದೆ ಮಾತ್ರ ಮಾಡ್ಬೇಡಿ. ವಾರದಲ್ಲಿ ಇನ್ನೊಂದು ದಿನ ಬರೀ ಟೆಕ್ನಿಕ್, ಪಿಬಿಯ ಅರ್ಧ ದೂರ, ನಾಲ್ಕೈದು ನಿಮಿಷ ಪೂರ್ತಿ ರೆಸ್ಟ್, ಕಿಕ್ ಎಣಿಸ್ಕೊಂಡು. ಅದೇ ದೂರ, ಅದೇ ಸಮಯ, ಕಿಕ್ ಮಾತ್ರ ಎರಡು ಕಮ್ಮಿ ಆಯ್ತು ಅಂದ್ರೆ ಅದು ಪಿಬಿಯಷ್ಟೇ ದೊಡ್ಡ ಸುದ್ದಿ, ಆದ್ರೆ ಅದಕ್ಕೆ ಯಾರೂ ಚಪ್ಪಾಳೆ ತಟ್ಟಲ್ಲ, ತಟ್ಟಬೇಕು ಅಂತ ನನಗೆ ನಿಜವಾಗ್ಲೂ ಅನ್ಸತ್ತೆ. ಟರ್ನ್‌ಗಳನ್ನೂ ಆ ದಿನಾನೇ ಪ್ರಾಕ್ಟೀಸ್ ಮಾಡಿ. 25 ಮೀಟರ್ ಪೂಲಲ್ಲಿ 75 ಹೋಗೋಕೆ ಎರಡು ಟರ್ನ್, ಕೆಟ್ಟ ಟರ್ನ್ ಅಂದ್ರೆ ಎರಡು ಸಲ ಶೂನ್ಯದಿಂದ ಶುರು ಮಾಡಿದ ಹಾಗೆ.

ಇನ್ನೊಬ್ರು ಪ್ಯಾಕಿಂಗ್ ಬಗ್ಗೆ ಕೇಳಿದ್ರು, ಪೂರ್ತಿ ಉಸಿರಿನ ಮೇಲೆ ಬಾಯಿಂದ ಇನ್ನಷ್ಟು ಗಾಳಿ ನುಂಗಿ ನುಂಗಿ ಒಳಗೆ ತುಂಬೋದು. ಟಾಪ್ ಅಥ್ಲೀಟ್‌ಗಳು ಮಾಡ್ತಾರೆ, ನಿಜ. ಎದೆಯೊಳಗೆ ಒತ್ತಡ ಏರಿ ಹೃದಯಕ್ಕೆ ವಾಪಸ್ ಬರೋ ರಕ್ತ ಕಮ್ಮಿ ಆಗಿ ಡೈವ್ ಶುರುವಾಗೋಕೆ ಮುಂಚೇನೇ ತಲೆ ಸುತ್ತಿ ಬೀಳೋದುಂಟು, ಶ್ವಾಸಕೋಶಕ್ಕೆ ಗಾಯ ಆಗೋದೂ ಉಂಟು. 75 ಮೀಟರ್‌ನಲ್ಲಿ ನಿಂತವರ ಸಮಸ್ಯೆ ಗಾಳಿ ಸಾಲ್ದೇ ಇರೋದಲ್ಲ. ಬಿಟ್ಟುಬಿಡಿ.

ಮೇಲೆ ಬರೋದನ್ನ ಕಲೀದೆ ಪಿಬಿ ಲೆಕ್ಕಕ್ಕಿಲ್ಲ. ಫ್ರೀಡೈವಿಂಗಿನ ಅಂತರರಾಷ್ಟ್ರೀಯ ಸಂಸ್ಥೆ ಐಡಾದ (AIDA) ನಿಯಮದ ಪ್ರಕಾರ ಮೇಲೆ ಬಂದ 15 ಸೆಕೆಂಡ್ ಒಳಗೆ ಮುಖದ ಮೇಲಿರೋದನ್ನೆಲ್ಲ ತೆಗೀಬೇಕು, ಕೈಯಲ್ಲಿ ಓಕೆ ತೋರಿಸ್ಬೇಕು, ಬಾಯಲ್ಲಿ "ಐ ಆಮ್ ಓಕೆ" ಅನ್ಬೇಕು, ಇದೇ ಕ್ರಮದಲ್ಲಿ. ಸ್ಪರ್ಧೆಗೆ ಹೋಗದವರೂ ಪ್ರತಿ ಡೈವ್‌ಗೂ, 25 ಮೀಟರ್‌ಗೂ, ಇದನ್ನ ಮಾಡಿ. ಮೆದುಳಿಗೆ ಆಕ್ಸಿಜನ್ ಕಮ್ಮಿ ಆದಾಗ ಕ್ರಮ ತಪ್ಪತ್ತೆ, ಕೈ ನಡುಗತ್ತೆ, ತಲೆ ಅಲ್ಲಾಡತ್ತೆ, ಅದು ಕಂಡ್ರೆ ನೀವು ಗಡಿ ದಾಟಿದೀರಿ ಅಂತ ನಿಮಗೂ ನಿಮ್ಮ ಬಡ್ಡಿಗೂ (buddy, ನಿಮ್ಮನ್ನ ಕಾಯ್ತಾ ಜೊತೆಗಿರೋವ್ರು) ಗೊತ್ತಾಗತ್ತೆ. ಉಸಿರು ತಗೊಳ್ಳೋದೂ ಒಂದು ಟೆಕ್ನಿಕ್. ಗೋಡೆ ಹಿಡ್ಕೊಳ್ಳಿ, ಎದೆಯಲ್ಲಿರೋದನ್ನೆಲ್ಲ ಹೊರಗೆ ಊದಬೇಡಿ, ಅರ್ಧದಷ್ಟು ಸುಮ್ನೆ ಬಿಡಿ, ತಕ್ಷಣ ಜೋರಾಗಿ ಒಳಗೆ ಎಳ್ಕೊಳ್ಳಿ, ಒಂದು ಸೆಕೆಂಡ್ ತಡೀರಿ, ಮತ್ತೆ ಸ್ವಲ್ಪ ಬಿಡಿ, ಮತ್ತೆ ಎಳ್ಕೊಳ್ಳಿ. ಎಳ್ಕೊಂಡ ಗಾಳಿಯ ಆಕ್ಸಿಜನ್ ಶ್ವಾಸಕೋಶದಿಂದ ಹೃದಯಕ್ಕೆ, ಅಲ್ಲಿಂದ ಮೆದುಳಿಗೆ ಮುಟ್ಟೋಕೆ ಕೆಲವು ಸೆಕೆಂಡ್ ಬೇಕು, ಅಲ್ಲಿವರೆಗೆ ಮೆದುಳಿಗೆ ಹೋಗ್ತಿರೋದು ಹಳೇ ರಕ್ತಾನೇ. ಅದಕ್ಕೇ ಎಷ್ಟೋ ಬ್ಲಾಕ್‌ಔಟ್ (ಪ್ರಜ್ಞೆ ತಪ್ಪೋದು) ಆಗೋದು ನೀರಿನ ಒಳಗಲ್ಲ, ಎದ್ದು ಒಂದೆರಡು ಉಸಿರು ತಗೊಂಡಮೇಲೆ. ಬಡ್ಡಿ ಆದವರು "ಬಂದ್ರಲ್ಲ" ಅಂತ ಮುಖ ತಿರುಗಿಸ್ಬಾರ್ದು, ಕನಿಷ್ಠ 30 ಸೆಕೆಂಡ್ ಅವರ ಕಣ್ಣು ತುಟಿ ನೋಡ್ತಾ ಕೈಗೆಟುಕೋ ದೂರದಲ್ಲೇ ಇರ್ಬೇಕು.

ಬಡ್ಡಿ ಅಂದ್ರೆ ಪಕ್ಕದ ಲೇನಲ್ಲಿ ತನ್ನ ಪಾಡಿಗೆ ಈಜ್ತಿರೋವ್ರಲ್ಲ. ಲೈಫ್‌ಗಾರ್ಡ್ ಕೂಡ ಅಲ್ಲ, ಅವರಿಗೆ ಇಡೀ ಪೂಲ್ ನೋಡೋದಿರತ್ತೆ, ನೀರಿನಡಿ ಅಲುಗಾಡ್ದೆ ಇರೋವ್ರು ಪ್ರಾಕ್ಟೀಸ್ ಮಾಡ್ತಿದಾರೋ ಪ್ರಜ್ಞೆ ತಪ್ಪಿದಾರೋ ದೂರದಿಂದ ತಿಳಿಯಲ್ಲ. ಡೈನಾಮಿಕ್‌ನಲ್ಲಿ ಬಡ್ಡಿ ಮಾಸ್ಕ್ ಸ್ನಾರ್ಕೆಲ್ ಹಾಕ್ಕೊಂಡು ನಿಮ್ಮ ಮೇಲೇ, ಒಂಚೂರು ಹಿಂದೆ, ತೇಲೋ ಬೋರ್ಡ್ ಹಿಡ್ಕೊಂಡು ಜೊತೆಗೆ ಬರ್ಬೇಕು. ಕಿಕ್ ಲಯ ಇದ್ದಕ್ಕಿದ್ದ ಹಾಗೆ ಬದಲಾದ್ರೆ, ಗುಳ್ಳೆ ಬಿಟ್ರೆ, ದಾರಿ ಓರೆ ಆದ್ರೆ, ಗ್ಲೈಡ್ ವಿಚಿತ್ರವಾಗಿ ಉದ್ದ ಆದ್ರೆ ಎತ್ತಿಬಿಡ್ಬೇಕು. ಎತ್ತಿ ಮುಖ ಮೇಲಿಟ್ಟು, ಮಾಸ್ಕ್ ತೆಗೆದು, ಕೆನ್ನೆ ತಟ್ಟಿ, ಕಣ್ಣಿನ ಹತ್ರ ಊದಿ, ಹೆಸರು ಹಿಡಿದು "ಉಸಿರು ತಗೋ" ಅಂತ ಹೇಳ್ಬೇಕು. ಹೆಚ್ಚಿನವರು ಅಷ್ಟಕ್ಕೇ ಉಸಿರು ತಗೊಳ್ತಾರೆ, ತಗೊಳ್ದಿದ್ರೆ ತಕ್ಷಣ ಬಾಯಿಗೆ ಬಾಯಿಟ್ಟು ಉಸಿರು ಕೊಡ್ಬೇಕು, ಇದನ್ನ ಯಾರ ಹತ್ರಾನಾದ್ರೂ ಕೋರ್ಸಲ್ಲಿ ಕಲಿತಿರ್ಲೇಬೇಕು. ಸ್ಟ್ಯಾಟಿಕ್‌ನಲ್ಲಿ ಒಪ್ಪಿಕೊಂಡ ಸಮಯಕ್ಕೆ ಬಡ್ಡಿ ತಟ್ಟಿದಾಗ ಬೆರಳೆತ್ತಿ ಉತ್ತರ ಕೊಡ್ಬೇಕು, ಇನ್ನೊಂದು ಸಲ ತಟ್ಟಿದ್ರೂ ಉತ್ತರ ಇಲ್ಲ ಅಂದ್ರೆ ಕಾಯೋ ಮಾತೇ ಇಲ್ಲ. ರಷ್ಯಾದ ಫ್ರೀಡೈವರ್ ನತಾಲಿಯಾ ಮೊಲ್ಚನೋವಾ 40ನೇ ವಯಸ್ಸಲ್ಲಿ ಶುರು ಮಾಡಿ, 2013ರಲ್ಲಿ ಸ್ಟ್ಯಾಟಿಕ್‌ನಲ್ಲಿ 9 ನಿಮಿಷ 2 ಸೆಕೆಂಡ್ ಮಾಡಿದವರು, ವಯಸ್ಸಾಯ್ತು ಅನ್ನೋವ್ರಿಗೆ ನಾನು ಯಾವಾಗ್ಲೂ ಅವರ ಹೆಸರು ಹೇಳ್ತೀನಿ. 2015ರಲ್ಲಿ ಸ್ಪೇನಿನ ಫೊರ್ಮೆಂತೆರಾ ಹತ್ರ ಸಮುದ್ರದಲ್ಲಿ ಡೈವ್‌ಗೆ ಹೋದವರು ವಾಪಸ್ ಬರ್ಲಿಲ್ಲ. ಅನುಭವ ಇದೆ ಅಂತ ನೀರು ಯಾರಿಗೂ ವಿನಾಯಿತಿ ಕೊಡಲ್ಲ.

ಕೊನೆಯ ಪ್ರಶ್ನೆ ಒಬ್ಬ ಹುಡುಗಿಯದ್ದು. "ಸರ್, ಎರಡು ತಿಂಗಳಿಂದ ನೀವು ಹೇಳಿದ ಹಾಗೇ ಮಾಡ್ತಿದೀನಿ, ಪಿಬಿ 75, ಮುಂದಿನ ವಾರ ಒಂದು ಅಟೆಂಪ್ಟ್ ಮಾಡ್ಬಹುದಾ?" ಮಾಡಮ್ಮಾ, ಖಂಡಿತ ಮಾಡು. ಹಿಂದಿನ ಎರಡು ದಿನ ಟ್ರೈನಿಂಗ್ ಬೇಡ, ಕಾಲು ಫ್ರೆಶ್ ಇರ್ಬೇಕು, ನಿದ್ದೆ ಚೆನ್ನಾಗಾಗ್ಬೇಕು. ಹೊಟ್ಟೆ ಭಾರ ಇರೋದು ಬೇಡ, ಕಾಫಿ ಎದೆ ಬಡಿತ ಏರಿಸತ್ತೆ, ಅದೂ ಬೇಡ. ಎಲ್ಲಿ ಏಳ್ತೀಯ ಅಂತ ನೀರಿಗಿಳಿಯೋಕೆ ಮುಂಚೆ ತೀರ್ಮಾನ ಮಾಡು, 80 ಅಂದ್ರೆ 80, ಅಲ್ಲಿ ಎಷ್ಟೇ ಆರಾಮ್ ಅನ್ಸಿದ್ರೂ ಏಳು, "ಹೋದಷ್ಟು ಹೋಗೋಣ" ಅನ್ನೋದು ಪ್ಲಾನ್ ಅಲ್ಲ. ಒಂದು ದಿನಕ್ಕೆ ಒಂದೇ ಅಟೆಂಪ್ಟ್. ಆ ದಿನ ಮೊದಲ 25ರಲ್ಲೇ ಮನಸ್ಸು ಒಪ್ತಿಲ್ಲ ಅನ್ಸಿದ್ರೆ 50ಕ್ಕೆ ಎದ್ದುಬಿಡು, ಟೆಕ್ನಿಕ್ ಡೈವ್ ಆಯ್ತು ಅಷ್ಟೇ. ಮತ್ತೆ ಇವತ್ತೇ ನಿನ್ನ ಬಡ್ಡಿಗೆ ಫೋನ್ ಮಾಡಿ ಆ ದಿನ ಬರ್ತಾರಾ ಕೇಳು, ಆಗಲ್ಲ ಅಂದ್ರೆ ಅವರಿಗೆ ಯಾವತ್ತು ಆಗತ್ತೋ ಆ ದಿನಕ್ಕೆ ಅಟೆಂಪ್ಟ್ ಮುಂದಕ್ಕೆ ಹಾಕು.